ಗುಹೆಯಲ್ಲಿ ಸಿಕ್ಕಿಕೊಂಡ ಹುಡುಗರ ಕಥೆ ಓದಿ ಇಂಗ್ಲಿಷ್ ಕಲಿಯಬಹುದಾ? ನಾನು ಬರೆದ ಒಂದು ವಾಕ್ಯ ಯಾಕೆ ತಪ್ಪು?

ಇಂಡಿ_ಭೋಸರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆ ಇಂಡಿ ಕಡೆಯವನು. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೇನೆ, ಭೋಸರಿಯ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಕೆಲಸ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಆಮೇಲೆ ಐಟಿಐ. ಮರಾಠಿ, ಹಿಂದಿ ಎರಡೂ ಚೆನ್ನಾಗಿ ಬರುತ್ತವೆ. ಇಂಗ್ಲಿಷ್ ಓದಿದರೆ ಅರ್ಧಕ್ಕಿಂತ ಜಾಸ್ತಿ ತಿಳಿಯುತ್ತದೆ, ಬರೆಯಲು ಕೂತರೆ ಮಾತ್ರ ಕೈ ಓಡುವುದಿಲ್ಲ. ಈಗ ಶಿಫ್ಟ್ ಇನ್‌ಚಾರ್ಜ್ ಆಗುವ ಅವಕಾಶ ಬಂದಿದೆ. ಆದರೆ ದಿನಾ ರಿಪೋರ್ಟನ್ನು ಇಂಗ್ಲಿಷಿನಲ್ಲೇ ಬರೆಯಬೇಕು.

ಗ್ರಾಮರ್ ಪುಸ್ತಕ ತಂದೆ. ಐ ಗೋ, ಐ ವೆಂಟ್, ಐ ಹ್ಯಾವ್ ಗಾನ್ ಅಂತ ಪಟ್ಟಿ ಬಾಯಿಪಾಠ ಮಾಡಿದೆ. ಬೆಳಿಗ್ಗೆ ನೆನಪಿರುತ್ತದೆ, ಸಂಜೆ ಬಸ್ಸಿನಿಂದ ಇಳಿಯುವಷ್ಟರಲ್ಲಿ ಹೋಗಿರುತ್ತದೆ.

ಹೋದ ತಿಂಗಳು ಒಂದು ರಾತ್ರಿ ಮಗಳ ಜೊತೆ ಕೂತು 2018ರ ಥಾಯ್ಲೆಂಡ್ ಗುಹೆಯ ವಿಡಿಯೋ ನೋಡಿದೆ. ಫುಟ್‌ಬಾಲ್ ಆಡುವ 12 ಹುಡುಗರು ಮತ್ತು ಅವರ ಕೋಚ್, ಜೂನ್ 23ಕ್ಕೆ ಥಾಮ್ ಲುವಾಂಗ್ ಗುಹೆಯ ಒಳಗೆ ಹೋದವರು, ಮಳೆ ನೀರು ನುಗ್ಗಿ ಒಳಗೇ ಉಳಿದರಲ್ಲ, ಅದು. ಜುಲೈ 2ಕ್ಕೆ ಇಬ್ಬರು ಬ್ರಿಟಿಷ್ ಡೈವರ್‌ಗಳು ಅವರನ್ನು ಕಂಡುಹಿಡಿದ ಹೊತ್ತಿನ ವಿಡಿಯೋ. ಕತ್ತಲಲ್ಲಿ ಟಾರ್ಚ್ ಬೆಳಕು, ಕೆಸರಿನ ದಿಬ್ಬದ ಮೇಲೆ ಸಣಕಲು ಕಾಲುಗಳು. ಡೈವರ್ "ಹೌ ಮೆನಿ ಆಫ್ ಯೂ?" ಅಂತ ಕೇಳುತ್ತಾನೆ. "ಥರ್ಟೀನ್" ಅಂತ ಉತ್ತರ ಬರುತ್ತದೆ. ಅವನು "ಬ್ರಿಲಿಯಂಟ್!" ಅನ್ನುತ್ತಾನೆ. ನನಗೆ ಮೈ ಜುಮ್ಮೆಂದಿತು. ಅದಕ್ಕಿಂತ ಹೆಚ್ಚಾಗಿ, ಸಬ್‌ಟೈಟಲ್ ನೋಡದೆ ಎಲ್ಲಾ ಅರ್ಥವಾಯಿತು! ಅವತ್ತಿನಿಂದ ಆ ಕಥೆಯನ್ನು ಸುಲಭ ಇಂಗ್ಲಿಷಿನಲ್ಲಿ ಹುಡುಕಿ ಹುಡುಕಿ ಓದುತ್ತಿದ್ದೇನೆ, ನನ್ನದೇ ಮಾತಲ್ಲಿ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೇನೆ.

ನಾನು ಬರೆದದ್ದು: "ದೆ ಆರ್ ಇನ್ ಕೇವ್ ಸಿನ್ಸ್ ಟೆನ್ ಡೇಸ್." ಐದನೇ ಕ್ಲಾಸಿನ ಮಗಳು ಅದನ್ನು ಹೊಡೆದುಹಾಕಿ "ದೆ ಹ್ಯಾಡ್ ಬೀನ್ ಇನ್ ದ ಕೇವ್ ಫಾರ್ ಟೆನ್ ಡೇಸ್" ಅಂತ ಬರೆದಳು. ಯಾಕೆ ಅಂದರೆ "ಹಾಗೇ ಬರೋದು ಪಪ್ಪಾ" ಅನ್ನುತ್ತಾಳೆ. ಆದರೆ ವಿಡಿಯೋದಲ್ಲಿ ಡೈವರ್ ಹೇಳುವುದು "ಯೂ ಹ್ಯಾವ್ ಬೀನ್ ಹಿಯರ್ ಟೆನ್ ಡೇಸ್" ಅಂತ. ಒಬ್ಬರು ಹ್ಯಾಡ್, ಒಬ್ಬರು ಹ್ಯಾವ್. ನಾನು ಬರೆದ "ಆರ್" ಯಾಕೆ ಆಗುವುದಿಲ್ಲ?

ಜೊತೆಗೆ ಇನ್ನೊಂದು ಪ್ರಶ್ನೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು, ಮೊದಲು ಗ್ರಾಮರ್ ಪೂರ್ತಿ ಮುಗಿಸು, ಕಥೆ ಎಲ್ಲಾ ಆಮೇಲೆ ಅನ್ನುತ್ತಾರೆ. ಯಾವುದು ಸರಿ? ತಿಳಿದವರು ಹೇಳಿ.

---

ಕೋಥ್ರುಡ್_ಟೀಚರ್:

ಸರ್, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಧಾರವಾಡದವಳು, ಇಲ್ಲಿ ಇಪ್ಪತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ನಿಮ್ಮ ತಪ್ಪು ದಡ್ಡತನದ್ದಲ್ಲ. ಕನ್ನಡ ಚೆನ್ನಾಗಿ ಬರುವವರು ಮಾಡುವ ತಪ್ಪು ಅದು.

ಹೇಗೆ ಅಂತ ನೋಡಿ. ಆ ಡೈವರ್ ಕನ್ನಡದವನಾಗಿದ್ದರೆ ಏನನ್ನುತ್ತಿದ್ದ? "ನೀವು ಹತ್ತು ದಿನದಿಂದ ಇಲ್ಲೇ ಇದ್ದೀರಿ." ಇದ್ದೀರಿ ಅನ್ನುವುದು ಈಗಿನ ಕಾಲ. ಹುಡುಗರು ಈಗಲೂ ಅಲ್ಲೇ ಇದ್ದಾರಲ್ಲ, ಅದಕ್ಕೆ ನಾವು ಈಗಿನ ಕಾಲ ಹಾಕುತ್ತೇವೆ. ಅದನ್ನೇ ನೀವು ಇಂಗ್ಲಿಷಿಗೆ ಎತ್ತಿಟ್ಟಿರಿ, "ಆರ್" ಬಂತು. ಇಂಗ್ಲಿಷಿನವರ ಲೆಕ್ಕ ಬೇರೆ. ಹಿಂದೆ ಯಾವಾಗಲೋ ಶುರುವಾಗಿ ಈ ಗಳಿಗೆಯ ತನಕ ಎಳೆದುಕೊಂಡು ಬಂದದ್ದಕ್ಕೆ ಅವರು "ಹ್ಯಾವ್ ಬೀನ್" ಹಾಕುತ್ತಾರೆ. ನೀವೇ ಮೇಲೆ ಬರೆದಿದ್ದೀರಲ್ಲ, "ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೇನೆ" ಅಂತ? ಅದು "ಐ ಹ್ಯಾವ್ ಬೀನ್ ಇನ್ ಪುಣೆ ಫಾರ್ ಇಲೆವನ್ ಇಯರ್ಸ್" ಆಗುತ್ತದೆ.

ಮಗಳ "ಹ್ಯಾಡ್" ಕೂಡ ಸರಿ. ಡೈವರ್ ಹುಡುಗರ ಎದುರಿಗೆ ನಿಂತು ಮಾತಾಡುತ್ತಿದ್ದ, ಅದಕ್ಕೆ ಹ್ಯಾವ್. ನೀವು ಇಷ್ಟು ವರ್ಷದ ಮೇಲೆ ಭೋಸರಿಯಲ್ಲಿ ಕೂತು ಆ ದಿನದ ಕಥೆ ಹೇಳುತ್ತಿದ್ದೀರಿ, ಅದಕ್ಕೆ ಹ್ಯಾಡ್. "ಡೈವರ್‌ಗಳು ಬಂದಾಗ ಹುಡುಗರು ಒಳಗೆ ಹೋಗಿ ಹತ್ತು ದಿನ ಆಗಿತ್ತು" ಅನ್ನುತ್ತೀವಲ್ಲ, ಆ "ಆಗಿತ್ತು"ವಿನ ಜಾಗ ಅದು.

ಹಾಗೇ ನಮ್ಮ "ಇಂದ" ಎರಡು ಕೆಲಸ ಮಾಡುತ್ತದೆ. ಶನಿವಾರದಿಂದ ಅಂದರೂ ಇಂದ, ಹತ್ತು ದಿನದಿಂದ ಅಂದರೂ ಇಂದ. ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ. ಶುರುವಾದ ಜಾಗಕ್ಕೆ ಸಿನ್ಸ್, ಎಣಿಸಿದ ಅಳತೆಗೆ ಫಾರ್. ಸಿನ್ಸ್ ಸ್ಯಾಟರ್ಡೇ, ಫಾರ್ ಟೆನ್ ಡೇಸ್. (ಜೂನ್ 23 ಶನಿವಾರವೇ ಆಗಿತ್ತು.) ಡೈವರ್ ಆ ಫಾರ್ ಕೂಡ ಬಿಟ್ಟಿದ್ದಾನೆ, ಮಾತಲ್ಲಿ ಅದು ನಡೆಯುತ್ತದೆ. ನೀವು ಬರೆಯುವಾಗ ಹಾಕಿ.

ಈಗ ಒಂದು ಒಳ್ಳೆಯ ಸುದ್ದಿ. ಪಟ್ಟಿ ಬಾಯಿಪಾಠ ಮಾಡಿದರೂ ನಿಲ್ಲುವುದಿಲ್ಲ ಅಂದಿರಿ. ಆ ಪಟ್ಟಿಯ ಮುಖ್ಯ ಭಾಗ ನಿಮ್ಮ ನಾಲಿಗೆಯಲ್ಲಿ ಆಗಲೇ ಇದೆ. ನೀರು ಏರಿತು. ನೀರು ಏರಿದೆ. ನೀರು ಏರಿತ್ತು. ಈ ಮೂರರಲ್ಲಿ ಯಾವುದನ್ನು ಎಲ್ಲಿ ಹೇಳಬೇಕು ಅಂತ ನಿಮಗೆ ಯಾರಾದರೂ ಕಲಿಸಿದರಾ? ಇಲ್ಲ, ತಾನಾಗೇ ಬರುತ್ತದೆ. ಏರಿತು ಅಂದರೆ ರೋಸ್. ಏರಿದೆ ಅಂದರೆ ಹ್ಯಾಸ್ ರಿಸನ್, ನೀರು ಇನ್ನೂ ಇಳಿದಿಲ್ಲ, ಕಣ್ಣೆದುರೇ ಇದೆ. ಏರಿತ್ತು ಅಂದರೆ ಹ್ಯಾಡ್ ರಿಸನ್, ಇನ್ನೇನೋ ಆಗುವ ಮೊದಲೇ ಏರಿಬಿಟ್ಟಿತ್ತು. "ಹುಡುಗರು ವಾಪಸ್ ಹೊರಡುವಷ್ಟರಲ್ಲಿ ನೀರು ಏರಿತ್ತು." ಗುಹೆಯ ಕಥೆಯ ಪ್ರಾಣವೇ ಆ ಒಂದು "ಇತ್ತು"ವಿನಲ್ಲಿದೆ ಅಲ್ವಾ? ಅದನ್ನು ತಿಳಿದವರಿಗೆ ಪಾಸ್ಟ್ ಪರ್ಫೆಕ್ಟ್ ಹೊಸದೇನಲ್ಲ, ಹೆಸರು ಮಾತ್ರ ಹೊಸದು.

ಒಂದು ಕಡೆ ಮಾತ್ರ ಈ ಹೊಂದಾಣಿಕೆ ಕೈ ಕೊಡುತ್ತದೆ. ಕನ್ನಡದಲ್ಲಿ "ನಿನ್ನೆ ಊರಿಂದ ಬಂದಿದ್ದೇನೆ" ಅನ್ನಬಹುದು. ಇಂಗ್ಲಿಷಿನಲ್ಲಿ ಯೆಸ್ಟರ್ಡೇ ಬಂದ ತಕ್ಷಣ ಹ್ಯಾವ್ ಹೊರಗೆ. "ಐ ಕೇಮ್ ಯೆಸ್ಟರ್ಡೇ" ಅಷ್ಟೇ.

ಆ ವಿಡಿಯೋವನ್ನು ಇನ್ನೊಂದು ಸಲ ಕೇಳಿ. ಹೊರಗೆ ಹೋಗಬೇಕು ಅಂತ ಹುಡುಗರು ಕೇಳಿದಾಗ ಡೈವರ್, ಇವತ್ತು ಆಗುವುದಿಲ್ಲ, ನಾವು ಇಬ್ಬರೇ ಇದ್ದೇವೆ ಅನ್ನುತ್ತಾ "ಯೂ ಹ್ಯಾವ್ ಟು ಡೈವ್" ಅನ್ನುತ್ತಾನೆ. ಇಲ್ಲೂ ಹ್ಯಾವ್ ಇದೆ, ಆದರೆ ಇದು ನಮ್ಮ "ಬೇಕು". ನೀವು ಮುಳುಗಿ ಈಜಬೇಕು. ಶಾಲೆಯಲ್ಲಿ ನಮಗೆ ಹ್ಯಾವ್ ಅಂದರೆ "ಇದೆ" ಅಂತ ಮಾತ್ರ ಕಲಿಸಿದರು, ನನ್ನ ಹತ್ತಿರ ಪೆನ್ನು ಇದೆ ಅಂತ. ಎರಡು ನಿಮಿಷದ ಮಾತಲ್ಲಿ ಅದೇ ಪದ ಎರಡು ಬೇರೆ ಕೆಲಸ ಮಾಡಿದೆ. ಮತ್ತೆ ಆ "ಬ್ರಿಲಿಯಂಟ್". ನಮಗೆ ಬ್ರಿಲಿಯಂಟ್ ಅಂದರೆ ಕ್ಲಾಸಿಗೆ ಮೊದಲು ಬರುವ ಹುಡುಗ. ಬ್ರಿಟನ್ನಿನವರ ಬಾಯಲ್ಲಿ ಅದು "ಭೇಷ್!" ಹದಿಮೂರೂ ಜನ ಬದುಕಿದ್ದಾರೆ, ಭೇಷ್!

ನಿಮ್ಮ ಜೊತೆಗಾರರ ಮಾತಿಗೆ ನನ್ನ ಉತ್ತರ: ಗ್ರಾಮರ್ ಬೇಕು, ಆದರೆ ಕಥೆಯಲ್ಲಿ ಎಡವಿದ ಜಾಗದಲ್ಲಿ ಬೇಕು. ನೀವು ಇವತ್ತು ಎಡವಿದ್ದು ಹ್ಯಾವ್ ಬೀನ್ ಹತ್ತಿರ. ಆ ಪುಸ್ತಕದಲ್ಲಿ ಆ ಒಂದು ಪುಟ ತೆಗೆದು ಓದಿ, ಮುಚ್ಚಿಡಿ.

---

ಪಿಂಪ್ರಿ_ಸಿಸ್ಟರ್:

ಅಣ್ಣಾ, ನಾನು ಕುಂದಾಪುರದವಳು, ಇಲ್ಲಿ ನರ್ಸ್. ನಾನೂ ಕನ್ನಡ ಮೀಡಿಯಂ. ಟೀಚರ್ ಅಕ್ಕ ಕಾಲದ ಬಗ್ಗೆ ಎಲ್ಲಾ ಹೇಳಿದ್ದಾರೆ, ನಾನು ಪದಗಳ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನಗೆ ಪದಗಳು ಬಂದದ್ದೇ ಇಂಥ ಕಥೆಯಿಂದ.

ನನ್ನ ಕಥೆ ಜೂಲಿಯಾನೆ ಕೋಪ್ಕೆ ಅನ್ನುವ ಹುಡುಗಿಯದು. 1971ರ ಡಿಸೆಂಬರ್ 24. ಪೆರು ದೇಶದಲ್ಲಿ ಅಮ್ಮನ ಜೊತೆ ವಿಮಾನದಲ್ಲಿ ಹೋಗುತ್ತಿದ್ದಳು, ಅವಳಿಗೆ 17 ವರ್ಷ. ಸಿಡಿಲು ಬಡಿದು ವಿಮಾನ ಗಾಳಿಯಲ್ಲೇ ಒಡೆಯಿತು. ಅವಳು ಸೀಟಿಗೆ ಬೆಲ್ಟ್ ಕಟ್ಟಿಕೊಂಡ ಹಾಗೇ ಸುಮಾರು 3 ಕಿಲೋಮೀಟರ್ ಎತ್ತರದಿಂದ ಕಾಡಿಗೆ ಬಿದ್ದಳು. ಬದುಕಿ ಉಳಿದದ್ದು ಅವಳೊಬ್ಬಳೇ. ಅಪ್ಪ ಅಮ್ಮ ಇಬ್ಬರೂ ಪ್ರಾಣಿ ವಿಜ್ಞಾನದವರು, ಕಾಡು ಅವಳಿಗೆ ಹೊಸದಲ್ಲ. ದಾರಿ ತಪ್ಪಿದರೆ ನೀರು ಹರಿಯುವ ಕಡೆಗೇ ನಡೆ, ಜನ ಸಿಗುತ್ತಾರೆ ಅಂತ ಅಪ್ಪ ಹೇಳಿಕೊಟ್ಟಿದ್ದರು. ಸಣ್ಣ ತೊರೆ ಹಿಡಿದು ನಡೆದಳು, ಅದು ನದಿಗೆ ಸೇರಿತು. 11 ದಿನದ ಮೇಲೆ ಮರ ಕಡಿಯುವವರ ಕೈಗೆ ಸಿಕ್ಕಳು. ತೋಳಿನ ಗಾಯದಲ್ಲಿ ಹುಳ ಆಗಿತ್ತು. ಒಂದು ಗುಡಿಸಲಲ್ಲಿ ದೋಣಿಯ ಪೆಟ್ರೋಲ್ ಸಿಕ್ಕಿತು, ಅದನ್ನೇ ಗಾಯಕ್ಕೆ ಹುಯ್ದುಕೊಂಡು ಹುಳ ತೆಗೆದಳು. ನಾನು ಡ್ರೆಸ್ಸಿಂಗ್ ಮಾಡುವವಳು, ಆ ಭಾಗ ಓದುವಾಗ ನನ್ನ ತೋಳೇ ಉರಿದ ಹಾಗಾಯಿತು.

ಇದನ್ನು ದಿನಾ ರಾತ್ರಿ ಡ್ಯೂಟಿ ಮುಗಿಸಿ ಬಂದು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ರೂಮಿನ ಗೋಡೆಗೆ ಹೇಳುತ್ತಿದ್ದೆ, ಕೇಳುವವರು ಯಾರೂ ಇರಲಿಲ್ಲ. ಮೊದಲ ದಿನ ಐದು ವಾಕ್ಯ. ಒಂದು ತಿಂಗಳಿಗೆ ಹತ್ತು ನಿಮಿಷ ಹೇಳುವಷ್ಟಾಯಿತು. ಫೆಲ್, ವೋಕ್, ಹರ್ಡ್, ಸಾ, ಸ್ವ್ಯಾಮ್, ಸ್ಲೆಪ್ಟ್, ಫೌಂಡ್ ಅಂತ ಆ ಹಾಳು ಪಟ್ಟಿ ಇದೆಯಲ್ಲ, ಅದರ ಒಂದು ಪದವನ್ನೂ ನಾನು ಬಾಯಿಪಾಠ ಮಾಡಲಿಲ್ಲ. ಅವಳು ಬಿದ್ದಳು, ಎಚ್ಚರವಾಯಿತು, ನೀರಿನ ಸದ್ದು ಕೇಳಿದಳು. ಅವಳ ಜೊತೆ ನಡೆದೆ, ಪದ ಬಂತು.

ಎಡವುವ ಜಾಗ ಕೆಲವು ಹೇಳುತ್ತೇನೆ. ನಾವು "ಅಪಘಾತದಿಂದ ಪಾರಾದಳು" ಅನ್ನುತ್ತೇವೆ, ಅದಕ್ಕೆ "ಸರ್ವೈವ್ಡ್ ಫ್ರಂ ದ ಕ್ರ್ಯಾಶ್" ಅಂತ ಬರೆಯುತ್ತೇವೆ. ಆ ಫ್ರಂ ಬೇಡ, "ಶಿ ಸರ್ವೈವ್ಡ್ ದ ಕ್ರ್ಯಾಶ್" ಸಾಕು. "ಮನೆಗೆ ಮುಟ್ಟಿದೆ" ಅನ್ನುತ್ತೇವೆ, ಅದಕ್ಕೆ "ರೀಚ್ಡ್ ಟು ಹೋಮ್" ಅನ್ನುತ್ತೇವೆ. ಆ ಟು ಬೇಡ. ಆದರೆ ರೆಸ್ಕ್ಯೂ ಜೊತೆ ಫ್ರಂ ಬೇಕು, "ದೆ ರೆಸ್ಕ್ಯೂಡ್ ದ ಬಾಯ್ಸ್ ಫ್ರಂ ದ ಕೇವ್." ಇದಕ್ಕೆ ನಿಯಮ ಹುಡುಕಬೇಡಿ ಅಣ್ಣಾ, ವಾಕ್ಯದ ಸಮೇತ ಇಟ್ಟುಕೊಳ್ಳಿ.

"ಸಿಕ್ಕಿಹಾಕಿಕೊಳ್ಳು" ಅನ್ನುವ ನಮ್ಮ ಒಂದೇ ಪದಕ್ಕೆ ಅವರಲ್ಲಿ ಮೂರಿವೆ. ಕಾತ್ರಜ್ ಘಾಟಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡರೆ ಸ್ಟಕ್. ಗುಹೆಯಲ್ಲಿ, ಲಿಫ್ಟಿನಲ್ಲಿ ಹೊರಗೆ ಬರುವ ದಾರಿಯೇ ಮುಚ್ಚಿದರೆ ಟ್ರ್ಯಾಪ್ಡ್. ಮಳೆಗೆ ರೈಲು ನಿಂತು ಲೋಣಾವಳ ಸ್ಟೇಷನ್ನಿನಲ್ಲಿ ಊರಿಗೆ ಹೋಗಲಾಗದೆ ಉಳಿದರೆ ಸ್ಟ್ರ್ಯಾಂಡೆಡ್.

ಇನ್ನೊಂದು ನಿಮಗೇ ಬೇಕಾದದ್ದು. ಗಾಯಕ್ಕೆ ವೂಂಡ್ ಅನ್ನಬೇಕು. ಮೋಟರಿಗೆ ತಂತಿ ಸುತ್ತುತ್ತೀರಲ್ಲ, ವೈಂಡಿಂಗ್, ಸುತ್ತಿ ಆಯಿತು ಅಂದರೆ ವೌಂಡ್. ಸ್ಪೆಲಿಂಗ್ ಎರಡಕ್ಕೂ ಒಂದೇ! ಓದುವಾಗ ಕಥೆ ನೋಡಿಯೇ ತಿಳಿಯಬೇಕು.

ಆ ಗುಹೆಯ ಕೆಲಸದಲ್ಲಿ ಸಮಾನ್ ಕುನಾನ್ ಅಂತ ಥಾಯ್ ನೌಕಾಪಡೆಯ ಮಾಜಿ ಡೈವರ್ ಜುಲೈ 6ಕ್ಕೆ ತೀರಿಕೊಂಡರು, ಗಾಳಿ ಸಿಲಿಂಡರ್ ಇಟ್ಟು ವಾಪಸ್ ಬರುವಾಗ. ಅದನ್ನು ಬರೆಯುವಾಗ "ಎಕ್ಸ್‌ಪೈರ್ಡ್" ಅಂತ ಬರೆಯಬೇಡಿ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ, ಆದರೆ ಅದು ಔಷಧಿಗೆ, ಲೈಸೆನ್ಸಿಗೆ ಇರಲಿ. "ಹಿ ಡೈಡ್" ಅನ್ನಿ. ನೇರವಾದ ಮಾತೇ ಗೌರವದ ಮಾತು ಅನಿಸುತ್ತದೆ ನನಗೆ.

---

ಚಾಕಣ_ಕ್ವಾಲಿಟಿ:

ಇಬ್ಬರೂ ಚೆನ್ನಾಗಿ ಹೇಳಿದ್ದಾರೆ, ಆದರೆ ನನಗೆ ಒಂದು ಅಡ್ಡಿ ಇದೆ, ಹೇಳಿಬಿಡುತ್ತೇನೆ. ಕಥೆ ಓದಿ ಕಥೆ ಹೇಳಲು ಬರುತ್ತದೆ. ಇವರಿಗೆ ಬೇಕಾದದ್ದು ಶಿಫ್ಟ್ ರಿಪೋರ್ಟ್. ನಾನು ದಿನಾ ಅಂಥ ರಿಪೋರ್ಟ್ ಓದುವ ಕೆಲಸದಲ್ಲಿದ್ದೇನೆ. ಅಲ್ಲಿ ಯಾರು ಬಿದ್ದರು, ಯಾರು ಎದ್ದರು ಅಂತ ಇರುವುದಿಲ್ಲ. ಬೇರಿಂಗ್ ಬದಲಾಯಿಸಲಾಯಿತು, ಲೈನ್ ನಿಲ್ಲಿಸಲಾಯಿತು ಅಂತ ಇರುತ್ತದೆ. ಯಾರು ಮಾಡಿದರು ಅನ್ನುವುದು ಹಿಂದೆ ಹೋಗಿ, ಏನಾಯಿತು ಅನ್ನುವುದು ಮುಂದೆ ಬರುತ್ತದೆ.

ಅದಕ್ಕೆ ನನ್ನ ಸಲಹೆ, ಅದೇ ಗುಹೆಯ ವಿಷಯವನ್ನು ಕಥೆಯಾಗಿ ಬಿಟ್ಟು ಪೇಪರಿನ ಸುದ್ದಿಯಾಗಿ ಓದಿ. "ದ ಬಾಯ್ಸ್ ವರ್ ಫೌಂಡ್ ಆನ್ 2 ಜುಲೈ." "ಫೋರ್ ಬಾಯ್ಸ್ ವರ್ ಬ್ರಾಟ್ ಔಟ್ ಆನ್ ದ ಫಸ್ಟ್ ಡೇ." ಜುಲೈ 8ಕ್ಕೆ ನಾಲ್ವರು, 9ಕ್ಕೆ ನಾಲ್ವರು, 10ಕ್ಕೆ ಕೋಚ್ ಸೇರಿ ಐವರು. ಎಲ್ಲಾ ವಾಕ್ಯದಲ್ಲೂ ವಾಸ್ ಅಥವಾ ವರ್, ಆಮೇಲೆ ಫೌಂಡ್, ಬ್ರಾಟ್, ಟೇಕನ್. ಶಾಲೆಯಲ್ಲಿ ಇದನ್ನು "ರಕ್ಷಿಸಲ್ಪಟ್ಟರು" ಅಂತ ಕನ್ನಡ ಮಾಡಿ ಕಲಿಸಿದರು. ಹಾಗೆ ಯಾರು ಮಾತಾಡುತ್ತಾರೆ? ನಾವು "ಹುಡುಗರು ಸಿಕ್ಕರು" ಅನ್ನುತ್ತೇವೆ, "ಹುಡುಗರನ್ನು ಹೊರಗೆ ತಂದರು" ಅನ್ನುತ್ತೇವೆ. ಆ "ತಂದರು" ಯಾರು ಅಂತ ಯಾರೂ ಕೇಳುವುದಿಲ್ಲ. ಅಂಥ ಜಾಗದಲ್ಲೇ ಇಂಗ್ಲಿಷಿನವರು ವರ್ ಬ್ರಾಟ್ ಹಾಕುತ್ತಾರೆ. ಆ ಅಚ್ಚಿನಲ್ಲಿ ನಿಮ್ಮ ಮಷೀನ್ ಕೂರಿಸಿ. "ದ ಬೇರಿಂಗ್ ವಾಸ್ ರಿಪ್ಲೇಸ್ಡ್ ಅಟ್ 3.40." "ದ ಲೈನ್ ವಾಸ್ ಸ್ಟಾಪ್ಡ್ ಫಾರ್ 25 ಮಿನಿಟ್ಸ್." ರಿಪೋರ್ಟ್ ಮುಗಿಯಿತು.

ಇನ್ನೊಂದು, ನೀವು ಮೆಂಟೆನೆನ್ಸ್‌ನವರು ಅಂತ ಹೇಳುತ್ತಿದ್ದೇನೆ. ಆ ಗುಹೆಯಿಂದ ನೀರು ಹೊರಹಾಕುವ ಕೆಲಸಕ್ಕೆ ಸಲಹೆ ಕೊಡಲು ನಮ್ಮ ಪುಣೆಯ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ತಜ್ಞರು ಹೋಗಿದ್ದರು. (ಆ ಮನೆತನ ಶುರು ಮಾಡಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ, ಅದೂ ನೆನಪಿರಲಿ.) ಆ ಸುದ್ದಿ ಹುಡುಕಿ ಓದಿ. ಪಂಪ್, ಡಿಸ್ಚಾರ್ಜ್, ವಾಟರ್ ಲೆವೆಲ್ ಎಲ್ಲಾ ನಿಮ್ಮ ಕೈಗೆ ಗೊತ್ತಿರುವ ಮಾತು. ಅರ್ಧ ಪದ ಗೊತ್ತಿದ್ದರೆ ಉಳಿದ ಅರ್ಧ ತಾನಾಗೇ ತಿಳಿಯುತ್ತದೆ.

---

ಇಂಡಿ_ಭೋಸರಿ:

ಮೂವರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಮಾಡಿ ನೋಡಿಯೇ ಬರೆಯೋಣ ಅಂತ ಕಾದೆ.

ಚಾಕಣ ಸರ್, ನಿಮ್ಮ ಅಚ್ಚಿನಲ್ಲಿ ಎರಡು ರಿಪೋರ್ಟ್ ಬರೆದು ನಮ್ಮ ಇನ್‌ಚಾರ್ಜ್‌ಗೆ ತೋರಿಸಿದೆ. ಒಂದೇ ಕಡೆ ತಿದ್ದಿದರು, ಅದೂ ಸ್ಪೆಲಿಂಗ್.

ಸಿಸ್ಟರ್ ಹೇಳಿದ ಹಾಗೆ ಗಟ್ಟಿಯಾಗಿ ಹೇಳುವುದನ್ನೂ ಶುರು ಮಾಡಿದೆ. ಆಗ ಒಂದು ಸಂಗತಿ ಆಯಿತು. ನಮ್ಮ ಮನೆ ಓನರ್ ಅಜ್ಜಿ ಮೊದಲು ನಾರಾಯಣ ಪೇಟೆಯಲ್ಲಿದ್ದವರು. ಏನು ಗುನುಗುತ್ತೀಯಪ್ಪಾ ಅಂತ ಕೇಳಿದರು. ಗುಹೆ, ನೀರು ಅಂತ ಮರಾಠಿಯಲ್ಲಿ ಹೇಳಿದೆ. ಅವರು ಅಲ್ಲೇ ಕೂತು ಪಾನ್‌ಶೇತ್ ಪ್ರವಾಹದ ಕಥೆ ತೆಗೆದರು. 1961ರ ಜುಲೈ 12, ಪಾನ್‌ಶೇತ್ ಅಣೆಕಟ್ಟು ಒಡೆದು, ಅದರ ಹೊಡೆತಕ್ಕೆ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದು ಊರಿಗೆ ನೀರು ನುಗ್ಗಿದ ದಿನ. ಅಜ್ಜಿಗೆ ಆಗ ಹನ್ನೊಂದು ವರ್ಷ. ಅಮ್ಮ ತಮ್ಮನನ್ನು ಸೊಂಟಕ್ಕೆ ಎತ್ತಿಕೊಂಡರಂತೆ, ಇವರು ಸೀರೆ ಸೆರಗು ಹಿಡಿದುಕೊಂಡು ಪರ್ವತಿ ಗುಡ್ಡ ಹತ್ತಿದರಂತೆ. ಅಜ್ಜ ಮಾತ್ರ ಮನೆಯಲ್ಲಿದ್ದ ತಾಮ್ರದ ಹಂಡೆ ಬಿಟ್ಟು ಬರಲು ಒಪ್ಪದೆ ಅದನ್ನು ಮಾಳಿಗೆಯ ತೊಲೆಗೆ ಹಗ್ಗದಲ್ಲಿ ಕಟ್ಟಿ ಕೊನೆಗೆ ಬಂದರಂತೆ. ಇಷ್ಟು ವರ್ಷ ಆ ಮನೆಯಲ್ಲಿ ಬಾಡಿಗೆಗಿದ್ದೇನೆ, ಒಂದು ದಿನವೂ ಇದನ್ನು ಕೇಳಿರಲಿಲ್ಲ.

ಅದನ್ನು ಇಂಗ್ಲಿಷಿನಲ್ಲಿ ಬರೆದೆ, ಒಂದೂವರೆ ಪುಟ. ಮಗಳಿಗೆ ತೋರಿಸಿಲ್ಲ, ಮೊದಲು ಇಲ್ಲಿ ಹಾಕುತ್ತೇನೆ. ಮುಖ್ಯ ವಾಕ್ಯಗಳು ಇವು:

"ಶಿ ವಾಸ್ ಇಲೆವನ್ ಇಯರ್ಸ್ ಓಲ್ಡ್. ಶಿ ಹ್ಯಾಡ್ ಲಿವ್ಡ್ ಇನ್ ನಾರಾಯಣ ಪೇಟ್ ಸಿನ್ಸ್ ಹರ್ ಬರ್ತ್. ಬೈ ದ ಟೈಮ್ ದೆ ರೀಚ್ಡ್ ಪರ್ವತಿ, ವಾಟರ್ ಹ್ಯಾಡ್ ಎಂಟರ್ಡ್ ಇಂಟು ದ ಹೌಸ್. ದೆ ವರ್ ಸ್ಟ್ರ್ಯಾಂಡೆಡ್ ಆನ್ ದ ಹಿಲ್. ದೆ ಸರ್ವೈವ್ಡ್ ದ ಫ್ಲಡ್."

---

ಕೋಥ್ರುಡ್_ಟೀಚರ್:

ಸರ್, ಓದುತ್ತಾ ಓದುತ್ತಾ ಕಣ್ಣು ತುಂಬಿತು. ಸಿನ್ಸ್ ಸರಿಯಾದ ಜಾಗದಲ್ಲಿದೆ, ರೀಚ್ಡ್ ಮುಂದೆ ಟು ಇಲ್ಲ, ಸರ್ವೈವ್ಡ್ ಮುಂದೆ ಫ್ರಂ ಇಲ್ಲ, "ಹ್ಯಾಡ್ ಎಂಟರ್ಡ್" ಅಂತೂ ನಾನು ಬೇಕು ಅಂದದ್ದೇ.

ಎರಡೇ ತಿದ್ದುತ್ತೇನೆ. ಎಂಟರ್ಡ್ ಆದ ಮೇಲೆ ಇಂಟು ಬೇಡ. "ಮನೆಯೊಳಗೆ ನುಗ್ಗಿತು" ಅನ್ನುವಾಗಿನ ಆ "ಒಳಗೆ" ಎಂಟರ್ ಪದದಲ್ಲೇ ಇದೆ. ಮತ್ತೆ ಬರೀ ವಾಟರ್ ಅಲ್ಲ, "ದ ವಾಟರ್". ಕುಡಿಯಲು ಕೊಡುವ ಯಾವುದೋ ನೀರಾದರೆ ವಾಟರ್ ಸಾಕು. ಇದು ಅವತ್ತಿನ ನೀರು, ಅಣೆಕಟ್ಟು ಒಡೆದು ಬಂದ ಆ ನೀರು. ಕನ್ನಡದಲ್ಲಿ ಬೇಕಾದಾಗ "ಆ" ಅನ್ನುತ್ತೇವೆ, ಬೇಡವಾದಾಗ ಬಿಡುತ್ತೇವೆ, ಇಂಗ್ಲಿಷಿನಲ್ಲಿ ಬಿಡುವ ಹಾಗಿಲ್ಲ. ಹೌಸ್‌ಗೆ, ಹಿಲ್‌ಗೆ, ಫ್ಲಡ್‌ಗೆ ಎಲ್ಲಾ ಹಾಕಿದ್ದೀರಿ, ನೀರಿಗೊಂದು ಬಿಟ್ಟಿದ್ದೀರಿ ಅಷ್ಟೇ.

ಮಗಳಿಗೆ ಇವತ್ತೇ ತೋರಿಸಿ. ಮತ್ತೆ ಆ ತಾಮ್ರದ ಹಂಡೆ ಏನಾಯಿತು ಅಂತ ಬರೆದೇ ಇಲ್ಲವಲ್ಲ? ನೀರು ಇಳಿದ ಮೇಲೆ ತೊಲೆಗೇ ಇತ್ತಾ? ಅಜ್ಜಿಯನ್ನು ಕೇಳಿ ಅದನ್ನೂ ಇಂಗ್ಲಿಷಿನಲ್ಲೇ ಬರೆದು ಹಾಕಿ, ಕಾಯುತ್ತಿರುತ್ತೇನೆ.